ಮಿನ್ನೆಸೋಟಾ ಚಳೀಲಿ ಏಳು ಕೋಳಿ: ಗೂಡಿಗೆ ಬಲ್ಬ್ ಹಾಕೋದಾ, ಬೇಡ್ವಾ?

ಪ್ರಶ್ನೆ: ಸಾರ್ ನಮಸ್ತೆ. ನಾವು ಮಿನಿಯಾಪೊಲಿಸ್ ಹತ್ರ ಇರೋದು, ಊರು ಮಂಡ್ಯ ಕಡೆ. ಏಪ್ರಿಲ್‌ನಲ್ಲಿ ಮಕ್ಕಳ ಹಠಕ್ಕೆ ಏಳು ಪಿಳ್ಳೆ ತಂದ್ವಿ, ಮೂರು ಬಫ್ ಆರ್ಪಿಂಗ್‌ಟನ್, ಎರಡು ಬಾರ್ಡ್ ರಾಕ್, ಎರಡು ಬಿಳಿ ಲೆಗ್‌ಹಾರ್ನ್. 5 ಅಡಿಗೆ 6 ಅಡಿ ಮರದ ಗೂಡಿದೆ. ಸೆಪ್ಟೆಂಬರ್‌ನಿಂದ ದಿನಾ ಐದಾರು ಮೊಟ್ಟೆ ಬರ್ತಿತ್ತು, ಈಗ ಹತ್ತು ದಿನದಿಂದ ಒಂದು ಬಂದ್ರೆ ಹೆಚ್ಚು. ಒಂದು ಲೆಗ್‌ಹಾರ್ನ್ ಜುಟ್ಟಿನ ತುದಿ ಕಪ್ಪಾಗಿದೆ. ನೀರು ಇಟ್ಟ ಒಂದು ಗಂಟೇಲೇ ಕಲ್ಲಾಗುತ್ತೆ. ಚಳಿ ಒಳಗೆ ಹೋಗ್ಬಾರ್ದು ಅಂತ ಗೂಡಿನ ಸಂದಿಗೊಂದಿಗೆಲ್ಲಾ ಟೇಪ್, ಪ್ಲಾಸ್ಟಿಕ್ ಹಾಕಿ ಮುಚ್ಚಿದೀವಿ. ಅತ್ತೆ ಊರಿಂದ ಬಂದಿದ್ದಾರೆ, ಕಿಟಕಿ ಹತ್ರ ಕೂತು ಕೋಳಿ ನೋಡ್ತಾ "ಪಾಪ ಮೂಕಪ್ರಾಣಿ, ಒಂದು ಬಲ್ಬ್ ಆದ್ರೂ ಹಾಕ್ರೋ" ಅಂತ ದಿನಾ ಹೇಳ್ತಾರೆ. ಮುಂದಿನ ವಾರ ಮೈನಸ್ 25 ಫ್ಯಾರನ್‌ಹೀಟ್ ಅಂತಿದಾರೆ. ಹೀಟ್ ಲ್ಯಾಂಪ್ ತರ್ಲಾ?

ಉತ್ತರ: ಮೊದಲು ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಕೋಳಿ ಬಗ್ಗೆ ಅವರಿಗೆ ನಿಮ್ಮ ನಮ್ಮೆಲ್ಲರಿಗಿಂತ ಜಾಸ್ತಿ ಗೊತ್ತಿರುತ್ತೆ, ಅದರಲ್ಲಿ ಅನುಮಾನ ಇಲ್ಲ, ಆದ್ರೆ ಬಲ್ಬ್ ವಿಷಯದಲ್ಲಿ ಮಾತ್ರ ನಾನು ಅವರ ಮಾತು ಮೀರ್ತೀನಿ, ಬೈಕೊಳ್ಳೋದು ಬೇಡ. ಹೀಟ್ ಲ್ಯಾಂಪ್ ತರ್ಬೇಡಿ. ಮತ್ತೆ ಇದನ್ನ ಓದಿ ಮುಗಿಸಿದ ತಕ್ಷಣ ಮಾಡಬೇಕಾದ ಕೆಲಸ ಒಂದಿದೆ, ಜಾಕೆಟ್ ಹಾಕ್ಕೊಂಡು ಹೋಗಿ ಗೂಡಿನ ಮೇಲ್ಭಾಗದಲ್ಲಿ, ಮಾಡಿನ ಕೆಳಗೆ, ನೀವು ಹಾಕಿರೋ ಟೇಪು ಪ್ಲಾಸ್ಟಿಕ್ಕು ಕಿತ್ತು ಹಾಕಿ. ಕೆಳಗಡೆದು ಇರ್ಲಿ, ಮೇಲಿಂದು ಮಾತ್ರ. ಯಾಕೆ ಅಂತ ಈಗ ಹೇಳ್ತೀನಿ.

ನೀವು ಮಾಡಿದ್ದೇ ತಪ್ಪನ್ನ ನಾನೂ ಮಾಡಿದೀನಿ, ಅದೂ ಹೆಬ್ಬಾಳದಲ್ಲಿ ವೆಟರ್ನರಿ ಓದಿ ಬಂದ ಮೇಲೆ. ನಾವು ಅಲ್ಲಿ ಕಲಿತಿದ್ದು ಹೆಚ್ಚಾಗಿ ಕೋಳಿನ ತಂಪಾಗಿಡೋದು ಹೇಗೆ ಅಂತ, ಏಪ್ರಿಲ್ ಮೇ ತಿಂಗಳಲ್ಲಿ ಶೆಡ್ ಸುತ್ತ ಗೋಣಿಚೀಲ ಕಟ್ಟಿ ನೀರು ಎರಚೋದು, ಫ್ಯಾನ್ ಹಾಕೋದು, ಇದೇ. ವಿಸ್ಕಾನ್ಸಿನ್‌ಗೆ ಬಂದು ಮೊದಲ ಚಳಿಗಾಲ ಮನೆ ಹಿಂದೆ ಆರು ಕೋಳಿ ಒಂದು ಹುಂಜ ಇಟ್ಟಿದ್ದೆ, ಬೆಚ್ಚಗಿರ್ಲಿ ಅಂತ ಗೂಡಿನ ಒಂದೊಂದು ಸಂದಿಗೂ ಫೋಮ್ ತುಂಬಿ ಡಬ್ಬಿ ಥರ ಮಾಡ್ಬಿಟ್ಟೆ. ಒಂದಿನ ಬೆಳಿಗ್ಗೆ ಬಾಗಿಲು ತೆಗೆದು ಟಾರ್ಚ್ ಬಿಟ್ರೆ, ಮಾಡಿಂದ ಒಳಕ್ಕೆ ಚುಚ್ಕೊಂಡಿರೋ ಮೊಳೆಗಳ ತುದಿ ಇರುತ್ತಲ್ಲ, ಒಂದೊಂದು ಮೊಳೆ ತುದಿಗೂ ಬಿಳಿ ಹೂವು ಅರಳಿದ ಹಾಗೆ ಹಿಮ ಕಟ್ಟಿತ್ತು, ನೋಡೋಕೆ ಏನೋ ಚೆಂದ, ಎಷ್ಟು ಚೆಂದ ಅಂದ್ರೆ ಫೋಟೋ ತೆಗೆದೆ. ಮೂಗಿಗೆ ಮಾತ್ರ ಹಿಕ್ಕೆಯ ಅಮೋನಿಯ ವಾಸನೆ ಗಪ್ ಅಂತ ಹೊಡೀತು. ಅವತ್ತು ಹೊರಗೆ ಇದ್ದಿದ್ದು ಬರೀ 15 ಡಿಗ್ರಿ ಫ್ಯಾರನ್‌ಹೀಟ್, ಇಲ್ಲಿನ ಲೆಕ್ಕಕ್ಕೆ ಚಳೀನೇ ಅಲ್ಲ. ಆದ್ರೂ ಹುಂಜನ ಜುಟ್ಟಿನ ಹಲ್ಲುಗಳೆಲ್ಲಾ ಒಂದು ವಾರದಲ್ಲಿ ಕಪ್ಪಾಗಿ, ಮಾರ್ಚ್ ಹೊತ್ತಿಗೆ ಉದುರಿ, ಬಾಚಣಿಗೆ ಹಲ್ಲು ಮುರಿದ ಹಾಗೆ ಬೋಳಾಯ್ತು. ಪಕ್ಕದ ರಸ್ತೇಲಿ ಒಬ್ಬ ಅಜ್ಜ ಮೂರು ಗೋಡೆ ಇರೋ ಹಳೇ ಶೆಡ್ಡಲ್ಲಿ ಕೋಳಿ ಸಾಕ್ತಿದ್ದ, ನಾಲ್ಕನೇ ಕಡೆ ಬರೀ ಜಾಲರಿ, ಅವನ ಒಂದು ಕೋಳಿಗೂ ಏನೂ ಆಗಿರ್ಲಿಲ್ಲ! ನನಗೆ ಅವಮಾನ ಆದಂಗಾಯ್ತು ನಿಜ ಹೇಳ್ಬೇಕಂದ್ರೆ.

ವಿಷಯ ಏನಪ್ಪಾ ಅಂದ್ರೆ ಕೋಳಿಗೆ ಒಣ ಚಳಿ ತಡ್ಕೊಳ್ಳೋ ಶಕ್ತಿ ಚೆನ್ನಾಗೇ ಇದೆ, ತೇವ ಸೇರಿದ ಚಳಿ ತಡ್ಕೊಳ್ಳೋಕಾಗಲ್ಲ. ಅದರ ಮೈ ಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್, ಅಂದ್ರೆ 106 ಫ್ಯಾರನ್‌ಹೀಟ್, ನಮಗೆ ಅಷ್ಟಿದ್ರೆ ಆಸ್ಪತ್ರೆಗೆ ಓಡ್ತೀವಿ. ಗರಿ ಉಬ್ಬಿಸಿ ಕೂತ್ರೆ ಗರಿ ಮಧ್ಯ ಗಾಳಿ ನಿಂತು ಅದೇ ರಜಾಯಿ. ಒಂದೊಂದು ಕೋಳಿ ಸುಮ್ನೆ ಕೂತಿದ್ರೂ ಹತ್ತು ವ್ಯಾಟ್ ಆಸುಪಾಸು ಶಾಖ ಬಿಡ್ತಾ ಇರುತ್ತೆ, ನಿಮ್ಮ ಗೂಡಲ್ಲಿ ಈಗಾಗ್ಲೇ ಏಳು ಪುಟ್ಟ ಹೀಟರ್ ಇವೆ ಅಂದ್ಕೊಳ್ಳಿ. ಆದ್ರೆ ಅದೇ ಏಳೂ ರಾತ್ರಿಯೆಲ್ಲಾ ಉಸಿರಲ್ಲಿ ನೀರು ಬಿಡ್ತವೆ, ಹಿಕ್ಕೇಲಿ ಮುಕ್ಕಾಲು ಪಾಲು ನೀರೇ. ಗೂಡು ಮುಚ್ಚಿದ್ರೆ ಆ ನೀರು ಎಲ್ಲಿಗೆ ಹೋಗ್ಬೇಕು? ಮಾಡಿಗೆ, ಗೋಡೆಗೆ, ಕೊನೆಗೆ ಕೋಳಿ ಜುಟ್ಟಿಗೆ. ಜುಟ್ಟಿಗೆ ಗರಿ ಇಲ್ಲ, ಅದು ಒದ್ದೆಯಾದ ಮೇಲೆ ಹೆಪ್ಪುಗಟ್ಟೋಕೆ ಮೈನಸ್ 25 ಬೇಕಾಗಿಲ್ಲ, ಪ್ಲಸ್ 15 ಫ್ಯಾರನ್‌ಹೀಟಿಗೇ ಆಗುತ್ತೆ. ನಿಮ್ಮ ಲೆಗ್‌ಹಾರ್ನ್‌ಗೆ ಆಗಿರೋದು ಇದೇ ಅಂತ ನನಗನ್ಸುತ್ತೆ, ಬೇರೆ ಜಾತಿಯ ಐದಕ್ಕೆ ಆಗದೆ ಅದಕ್ಕೇ ಆಗಿದ್ದು ಯಾಕೆ ಅಂದ್ರೆ ಲೆಗ್‌ಹಾರ್ನ್ ಇಟಲಿ ಕಡೆ ಜಾತಿ, ಜುಟ್ಟು ದೊಡ್ಡದು, ಒಂದು ಕಡೆಗೆ ವಾಲಿರುತ್ತೆ, ಬಿಸಿಲು ದೇಶಕ್ಕೆ ಅದು ಮೈ ತಂಪು ಮಾಡ್ಕೊಳ್ಳೋ ಸಾಧನ, ಇಲ್ಲಿ ಅದೇ ಶಾಪ. ಕೆನಡಾದ ಕ್ವಿಬೆಕ್‌ನಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿ 1908ರಲ್ಲಿ ಶುರು ಮಾಡಿ ಷಾಂಟೆಕ್ಲೇರ್ ಅಂತ ಒಂದು ತಳಿ ಬೆಳೆಸಿದ್ರು, ಉದ್ದೇಶಾನೇ ಇದು, ಜುಟ್ಟು ಗುಂಡಿಯಷ್ಟೇ ಇರ್ಬೇಕು, ಹೆಪ್ಪುಗಟ್ಟೋಕೆ ಏನೂ ಸಿಗಬಾರದು ಅಂತ. ಮುಂದಿನ ಸಲ ಪಿಳ್ಳೆ ತರೋವಾಗ ಲೆಗ್‌ಹಾರ್ನ್ ಬಿಟ್ಟು ಅದನ್ನೋ ವಯಾಂಡಾಟನ್ನೋ ನೋಡಿ. ಬ್ರಹ್ಮಾ ಅಂತ ದೊಡ್ಡ ಕೋಳಿ ಬರುತ್ತೆ, ಜುಟ್ಟು ಚಿಕ್ಕದೇ, ಆದ್ರೆ ಕಾಲಿಗೆಲ್ಲಾ ಗರಿ, ಆ ಗರಿಗೆ ಹಿಮದ ಉಂಡೆ ಕಟ್ಕೊಂಡು ಬರುತ್ತೆ, ಅದು ಬೇರೆ ತಲೆನೋವು.

ಈಗ ಕಿಂಡಿ ವಿಷಯ. ಗಾಳಿ ಬೇಕು, ಆದ್ರೆ ಕೋಳಿ ಮೈಮೇಲೆ ಬೀಸೋ ಗಾಳಿ ಬೇಡ, ಇವೆರಡೂ ಒಂದೇ ಅಂತ ತಿಳ್ಕೊಂಡು ಜನ ಎರಡನ್ನೂ ಮುಚ್ಚಿಬಿಡ್ತಾರೆ. ಕಿಂಡಿ ಎಲ್ಲಿರಬೇಕು ಅಂದ್ರೆ ಕೋಳಿ ರಾತ್ರಿ ಕೂತಾಗ ಅದರ ತಲೆಗಿಂತ ಒಂದಡಿಯಾದ್ರೂ ಮೇಲೆ, ಎದುರುಬದುರು ಎರಡು ಗೋಡೇಲಿ, ಮಾಡಿಗೆ ಅಂಟಿದ ಹಾಗೆ. ನಿಮ್ಮ ಏಳು ಕೋಳಿಗೆ ಚಳಿಗಾಲದಲ್ಲಿ ಒಟ್ಟು ಎರಡು ಮೂರು ಚದರ ಅಡಿ ತೆರೆದಿದ್ರೆ ಅದರಿಂದ ಶುರು ಮಾಡಿ, ಸಾಲ್ದಿದ್ರೆ ಇನ್ನೂ ತೆರೀರಿ. ಆ ಕಿಂಡಿಗೆ ಅರ್ಧ ಇಂಚಿನ ಗಟ್ಟಿ ಜಾಲರಿ ಬಡೀರಿ, ಕೋಳಿ ಬಲೆ ಅಂತ ಮಾರೋ ತೆಳು ಬಲೆ ಅಲ್ಲ, ಯಾಕಂದ್ರೆ ಇಲ್ಲಿ ವೀಸೆಲ್ ಅಂತ ಮುಂಗುಸಿ ಥರದ್ದೊಂದು ಪ್ರಾಣಿ ಇದೆ, ಒಂದಿಂಚು ತೂತಿದ್ರೆ ನುಗ್ಗಿ ಒಂದೇ ರಾತ್ರೀಲಿ ಗೂಡು ಪೂರ್ತಿ ಖಾಲಿ ಮಾಡುತ್ತೆ, ಚಳಿಗಾಲದಲ್ಲೂ ಗೂಡಿನ ಸುತ್ತ ಸುತ್ತುತ್ತೆ.

ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋಕೆ ಮೀಟರ್ ಏನೂ ಬೇಡ, ಒಂದು ಅಗರಬತ್ತಿ ಸಾಕು. ಹಗಲು ಕೋಳಿ ಎಲ್ಲಾ ಹೊರಗಿದ್ದಾಗ, ಗಾಳಿ ಬೀಸೋ ದಿನ ನೋಡಿ, ಒಳಗೆ ಕೋಳಿ ಕೂರೋ ಎತ್ತರಕ್ಕೆ ಅಗರಬತ್ತಿ ಹಿಡೀರಿ. ಹೊಗೆ ನೆಟ್ಟಗೆ ಮೇಲಕ್ಕೆ ಹೋಗಿ ಮಾಡಿನ ಹತ್ರ ಮಾತ್ರ ಕಿಂಡಿ ಕಡೆ ತಿರುಗಿದ್ರೆ ನಿಮ್ಮ ಗೂಡು ನಂದಕ್ಕಿಂತ ಚೆನ್ನಾಗಿದೆ ಅಂತ ಅರ್ಥ. ಕೂರೋ ಎತ್ತರದಲ್ಲೇ ಹೊಗೆ ಅಡ್ಡಕ್ಕೆ ಓಡಿದ್ರೆ ಅಲ್ಲೆಲ್ಲೋ ಸಂದಿ ಇದೆ, ಆ ಸಂದಿ ಮುಚ್ಚಿ. ಕಿಡಿ ಹಾಸಿನ ಮೇಲೆ ಬೀಳದ ಹಾಗೆ ಕೆಳಗೆ ತಟ್ಟೆ ಹಿಡ್ಕೊಳ್ಳಿ, ಹೊರಗೆ ಬಂದು ಆರಿಸಿ. ಆಮೇಲೆ ಬೆಳಿಗ್ಗೆ ಬಾಗಿಲು ತೆಗೆದಾಗ ಕಿಟಕಿ ಗಾಜಿನ ಒಳಗಡೆ, ಮೊಳೆ ತುದಿ ಮೇಲೆ ಹಿಮ ಕಟ್ಟಿದೆಯಾ ನೋಡಿ, ಕಟ್ಟಿದ್ರೆ ಕಿಂಡಿ ಸಾಲ್ತಿಲ್ಲ. ಮೂಗಿಗೆ ಅಮೋನಿಯ ಬಂದ್ರಂತೂ ಕೋಳಿಗಳ ಕಣ್ಣಿಗೆ, ಶ್ವಾಸನಾಳಕ್ಕೆ ಆಗ್ಲೇ ತೊಂದರೆ ಶುರುವಾಗಿದೆ ಅಂತ, ಅವು ಕೂತಿರೋದು ನಿಮ್ಮ ಮೂಗಿನ ಎತ್ತರದಲ್ಲಿ ಅಲ್ಲ ಅನ್ನೋದೂ ನೆನಪಿರ್ಲಿ, ಸ್ವಲ್ಪ ಬಗ್ಗಿ ಮೂಸಿ ನೋಡಿ.

ಹಾಸಿಗೆ ಪೈನ್ ಮರದ ಹೊಟ್ಟು, ದಪ್ಪ ಸಿಪ್ಪೆ ಥರದ್ದು, 8 ಇಂಚಾದ್ರೂ ಹಾಕಿ. ಕೂರೋ ಅಡ್ಡಪಟ್ಟಿ ಕೆಳಗೆ ಒಂದು ಹಲಗೆ ಇಟ್ಟು ದಿನಾ ಬೆಳಿಗ್ಗೆ ಹಿಕ್ಕೆ ಕೆರೆದು ಹಾಕಿದ್ರೆ ಗೂಡಿನ ಅರ್ಧ ತೇವ ಅಲ್ಲೇ ಹೋಯ್ತು, ಚಳಿಗಾಲದ ಒಂದೇ ಒಂದು ಸುಖ ಅಂದ್ರೆ ಇದು, ಹಿಕ್ಕೆ ಎಲ್ಲಾ ಗೋಲಿ ಥರ ಗಟ್ಟಿಯಾಗಿರುತ್ತೆ, ಕರಣೆ ತಗೊಂಡು ಒಂದು ಏಟು ಕೊಟ್ರೆ ಟಣ್ ಅಂತ ಎದ್ದು ಬರುತ್ತೆ.

ಆ ಅಡ್ಡಪಟ್ಟಿ ದುಂಡಗಿದೆಯಾ ಚಪ್ಪಟೆಯಾ, ನೀವು ಬರ್ದಿಲ್ಲ. ರೆಡಿಮೇಡ್ ಗೂಡಾಗಿದ್ರೆ ಸಾಮಾನ್ಯ ದುಂಡು ಕೋಲೇ ಇರುತ್ತೆ. ತೆಗೆದು ಟೂ ಬೈ ಫೋರ್ ಮರದ ಪಟ್ಟಿ ತನ್ನಿ, ಅಗಲದ ಕಡೆ ಮೇಲೆ ಬರೋ ಹಾಗೆ ಮಲಗಿಸಿ ಹಾಕಿ. ಚಪ್ಪಟೆ ಮೇಲೆ ಕೂತ್ರೆ ಕೋಳಿ ಬೆರಳು ಪೂರ್ತಿ ಹೊಟ್ಟೆ ಗರಿ ಕೆಳಗೆ ಹೋಗುತ್ತೆ, ದುಂಡು ಕೋಲು ಹಿಡ್ಕೊಂಡ್ರೆ ಬೆರಳ ತುದಿಗಳು ಕೆಳಗಡೆ ಚಳಿಗೆ ಬಿದ್ದಿರ್ತವೆ. ಮನೆ ಮೇಲ್ವಿಚಾರಣೆ ಮಾಡೋ ಹಾಗೆ ಒಂದು ರಾತ್ರಿ ಎಂಟು ಗಂಟೆಗೆ ಟಾರ್ಚ್ ಹಿಡಿದು ಹೋಗಿ ನೋಡಿ, ಏಳೂ ಒಂದಕ್ಕೊಂದು ಅಂಟ್ಕೊಂಡು, ಗರಿ ಉಬ್ಬಿಸಿ ಚೆಂಡಿನ ಥರ ಆಗಿ, ಕೆಲವು ತಲೆನ ರೆಕ್ಕೆ ಕೆಳಗೆ ಸಿಗಿಸ್ಕೊಂಡು, ಕಾಲು ಅನ್ನೋದೇ ಕಾಣ್ಬಾರ್ದು. ಹಾಗಿದ್ರೆ ಬಾಗಿಲು ಹಾಕ್ಕೊಂಡು ಬಂದು ನೀವು ಮಲ್ಕೊಳ್ಳಿ.

ಇನ್ನು ಹೀಟ್ ಲ್ಯಾಂಪು. ಊರಲ್ಲಿ ಬಲ್ಬ್ ಹಾಕೋದು ಪಿಳ್ಳೆಗಳಿಗೆ, ನಿಮ್ಮತ್ತೆ ನೋಡಿರೋದು ಅದನ್ನೇ, ಅದು ಸರಿಯಾದ ಪದ್ಧತೀನೇ, ಯಾಕಂದ್ರೆ ಪಿಳ್ಳೆಗೆ ಬರೀ ತುಪ್ಪಳ ಇರೋದು, ಮೊದಲ ವಾರ 95 ಫ್ಯಾರನ್‌ಹೀಟ್ ಶಾಖ ಬೇಕೇ ಬೇಕು. ನಿಮ್ಮವು ಎಂಟು ತಿಂಗಳ ಹ್ಯಾಟೆಗಳು, ಮೈತುಂಬಾ ಗರಿ. ಅದಕ್ಕೆ 250 ವ್ಯಾಟ್ ಲ್ಯಾಂಪ್ ಹಾಕಿದ್ರೆ ಆಗೋದೇನು, ಒಣ ಹೊಟ್ಟು, ಗರಿ, ಧೂಳು, ಮರದ ಗೋಡೆ, ಮೇಲೆ ಕ್ಲಿಪ್ಪಲ್ಲಿ ನೇತಾಡೋ ಕೆಂಡದಂಥ ಲ್ಯಾಂಪು, ಅದರ ಮೇಲೆ ಹಾರಿ ಕೂರೋಕೆ ನೋಡೋ ಒಂದು ಪೆದ್ದು ಕೋಳಿ. ಪ್ರತಿ ಚಳಿಗಾಲ ಈ ದೇಶದಲ್ಲಿ ಗೂಡು ಸುಟ್ಟುಹೋಗೋದು ಹೀಗೇ, ಕೆಲವು ಸಲ ಗೂಡಿಗೆ ಅಂಟಿದ ಗ್ಯಾರೇಜು ಮನೆ ಸಮೇತ. ಎರಡನೇದು, ಬೆಚ್ಚಗೆ ಅಭ್ಯಾಸ ಮಾಡ್ಸಿ, ಐಸ್ ಸ್ಟಾರ್ಮ್ ಬಂದು ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯ್ತು ಅನ್ಕೊಳ್ಳಿ, ಬೇಸಿಗೆಯಿಂದ ಒಂದೇ ಸಲ ಮೈನಸ್‌ಗೆ ಬಿದ್ದಂಗೆ, ಯಾವ ಕೋಳಿ ತಡ್ಕೊಳ್ಳುತ್ತೆ? ಮನಸ್ಸು ತಡೀದೆ ಏನಾದ್ರೂ ಹಾಕ್ಲೇಬೇಕು ಅಂದ್ರೆ ಗೋಡೆಗೆ ಸ್ಕ್ರೂ ಹಾಕಿ ಕೂರಿಸೋ ಚಪ್ಪಟೆ ಪ್ಯಾನಲ್ ಹೀಟರ್ ಬರುತ್ತೆ, ಕೋಳಿಗೆ ಅಂತಾನೇ ಮಾಡಿರೋದು, ಅದು ಗೂಡು ಬಿಸಿ ಮಾಡಲ್ಲ, ಪಕ್ಕದಲ್ಲಿ ಕೂತ ಕೋಳಿಗೆ ಒಂಚೂರು ಶಾಖ ಕೊಡುತ್ತೆ ಅಷ್ಟೇ. ನನ್ನತ್ರ ಒಂದಿದೆ, ವರ್ಷಕ್ಕೆ ನಾಲ್ಕೈದು ರಾತ್ರಿ ಹಾಕ್ತೀನಿ, ಹಾಕದೆ ಇದ್ದಿದ್ರೂ ನಡೀತಿತ್ತೇನೋ. ಸ್ವೆಟರ್ ಹೊಲಿಸಿ ಹಾಕೋರಿದ್ದಾರೆ, ದಯವಿಟ್ಟು ಬೇಡ, ಗರಿ ಉಬ್ಬಿಸೋಕೆ ಬಿಡದೆ ಅದರ ರಜಾಯಿ ಕಿತ್ಕೊಂಡಂಗೆ ಅದು.

ಈಗ ಮೊಟ್ಟೆ. ಇದರಲ್ಲಿ ಒಂದು ಸೂಕ್ಷ್ಮ ಇದೆ, ಅದಕ್ಕೇ ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಚಳಿಗಾಲದಲ್ಲಿ ಮೊಟ್ಟೆ ನಿಲ್ಲೋದು ಚಳಿಗಲ್ಲ, ಬೆಳಕಿಗೆ, ಮೊಟ್ಟೆ ಚೆನ್ನಾಗಿ ಬರೋಕೆ 14ರಿಂದ 16 ಗಂಟೆ ಬೆಳಕು ಬೇಕು, ನಿಮ್ಮ ಊರಲ್ಲಿ ಡಿಸೆಂಬರ್ 21ರ ಸುಮಾರು ಹಗಲು ಇರೋದೇ ಎಂಟೂಮುಕ್ಕಾಲು ಗಂಟೆ. ಮಂಡ್ಯದಲ್ಲಿ ಅವತ್ತೂ ಹನ್ನೊಂದು ಗಂಟೆ ಮೇಲೇ ಹಗಲಿರುತ್ತೆ, ನಿಮ್ಮತ್ತೆಗೆ ಈ ಲೆಕ್ಕ ಹೊಸದು. ಆದ್ರೆ ಏಪ್ರಿಲ್‌ನಲ್ಲಿ ಹುಟ್ಟಿ ಸೆಪ್ಟೆಂಬರ್‌ನಲ್ಲಿ ಮೊಟ್ಟೆ ಶುರು ಮಾಡಿರೋ ಎಳೇ ಹ್ಯಾಟೆಗಳು ಸಾಮಾನ್ಯವಾಗಿ ಮೊದಲ ಚಳಿಗಾಲದಲ್ಲಿ ಗರಿ ಉದುರಿಸಿ ಮೊಟ್ಟೆ ನಿಲ್ಲಿಸಲ್ಲ, ಸ್ವಲ್ಪ ಕಮ್ಮಿ ಆದ್ರೂ ಇಡ್ತಾನೇ ಇರ್ತವೆ. ಐದಾರರಿಂದ ನಾಲ್ಕು, ಮೂರು ಅಂತ ನಿಧಾನಕ್ಕೆ ಇಳಿದಿದ್ರೆ ಬೆಳಕು ಅನ್ನಬಹುದಿತ್ತು. ಹತ್ತೇ ದಿನದಲ್ಲಿ ಒಂದಕ್ಕೆ ಬಂತು, ನೀರು ಇಟ್ಟ ಒಂದು ಗಂಟೇಲೇ ಕಲ್ಲಾಗ್ತಿದೆ ಅಂತಾನೂ ನೀವೇ ಬರ್ದಿದೀರಿ. ನನ್ನ ಅನುಮಾನ ಪೂರ್ತಿ ನೀರಿನ ಮೇಲೆ. ಒಂದು ಕೋಳಿ ದಿನಕ್ಕೆ ಕಾಲು ಲೀಟರ್ ಮೇಲೆ ಕುಡಿಯುತ್ತೆ, ಮೊಟ್ಟೆ ಒಳಗಿರೋದರಲ್ಲಿ ಮುಕ್ಕಾಲು ಪಾಲು ನೀರು, ಒಂದು ದಿನ ಸರಿಯಾಗಿ ನೀರಿಲ್ದಿದ್ರೂ ಮೊಟ್ಟೆ ನಿಂತುಬಿಡುತ್ತೆ, ಮತ್ತೆ ಶುರುವಾಗೋಕೆ ವಾರಗಟ್ಟಲೆ ಹಿಡಿಯುತ್ತೆ. ನೀರು ಕುಡೀದೆ ಇದ್ರೆ ಕಾಳೂ ತಿನ್ನಲ್ಲ, ಕಾಳು ತಿನ್ನದೆ ಇದ್ರೆ ಮೈಗೆ ಶಾಖ ಎಲ್ಲಿಂದ ಬರ್ಬೇಕು. ಹಿಮ ತಿಂದು ಬದುಕುತ್ತೆ ಬಿಡಿ ಅನ್ನೋರ ಮಾತು ಕೇಳ್ಬೇಡಿ.

ನೀವು ಹೀಟ್ ಲ್ಯಾಂಪಿಗೆ ಅಂತ ಇಟ್ಟಿರೋ ದುಡ್ಡನ್ನ ಬಿಸಿ ನೀರಿನ ಬಟ್ಟಲಿಗೆ ಹಾಕಿ. ನಾಯಿಗೆ ಅಂತ ಮಾರೋ ಕರೆಂಟ್ ಬಟ್ಟಲು ಫೀಡ್ ಅಂಗಡೀಲಿ ಸಿಗುತ್ತೆ, ಥರ್ಮೋಸ್ಟಾಟ್ ಇರುತ್ತೆ, ನೀರು ಹೆಪ್ಪುಗಟ್ಟದ ಹಾಗೆ ಮಾತ್ರ ನೋಡ್ಕೊಳ್ಳುತ್ತೆ. ಆದ್ರೆ ಅಗಲ ಬಾಯಿ ಬಟ್ಟಲಲ್ಲಿ ಕುಡಿಯೋವಾಗ ಲೆಗ್‌ಹಾರ್ನ್‌ನ ಗಲ್ಲದ ಕೆಳಗೆ ನೇತಾಡೋ ಕೆಂಪು ತೊಗಲಿದೆಯಲ್ಲ ಅದು ನೀರಿಗೆ ಅದ್ದುತ್ತೆ, ಈಚೆ ಬಂದ ಕೂಡ್ಲೇ ಅಲ್ಲೊಂದು ಐಸ್ ಮಣಿ. ಅದಕ್ಕೆ ಬಟ್ಟಲ ಮಧ್ಯ ಒಂದು ಕಲ್ಲೋ ತಲೆಕೆಳಗು ಮಾಡಿದ ಕುಂಡವೋ ಇಟ್ಟು ಬಾಯಿ ಕಿರಿದು ಮಾಡಿ. ಗೂಡೊಳಗೆ ನೀರಿಡ್ಬೇಡಿ, ಹೊರಗೆ ಜಾಲರಿ ಅಂಗಳದಲ್ಲಿ ಮಾಡಿನ ಕೆಳಗೆ ಇಡಿ, ರಾತ್ರಿ ಕತ್ತಲಲ್ಲಿ ಕೋಳಿ ಹೇಗೂ ಕುಡಿಯಲ್ಲ. ಹೊರಾಂಗಣಕ್ಕೆ ಅಂತಾನೇ ಇರೋ ಎಕ್ಸ್‌ಟೆನ್ಷನ್ ವೈರ್ ಬಳಸಿ. ಕರೆಂಟ್ ಹೋದ ದಿನಕ್ಕೆ ಅಂತ ಎರಡು ಕಪ್ಪು ರಬ್ಬರ್ ಬುಟ್ಟಿ ಇಟ್ಕೊಂಡಿರಿ, ಒಂದು ಹೊರಗೆ ಒಂದು ಒಳಗೆ, ಕಲ್ಲಾದ ಬುಟ್ಟಿನ ಬೋರಲು ಹಾಕಿ ತುಳಿದ್ರೆ ಐಸ್ ಇಡ್ಲಿ ಥರ ಕಳಚ್ಕೊಂಡು ಬರುತ್ತೆ, ಪ್ಲಾಸ್ಟಿಕ್ ಆದ್ರೆ ಒಡೆದೇ ಹೋಗುತ್ತೆ.

ಬೆಳಕಿಗೆ ಬೇಕಿದ್ರೆ ಒಂದು ಸಣ್ಣ ಎಲ್‌ಇಡಿ ಬಲ್ಬ್ ಟೈಮರ್‌ಗೆ ಹಾಕಿ, ಅತ್ತೆಯವರ ಬಲ್ಬ್ ಆಸೆಯೂ ತೀರುತ್ತೆ. ಬೆಳಗಿನ ಜಾವಕ್ಕೆ ಹಾಕಿ, ಸಂಜೆಗಲ್ಲ, ಸಂಜೆ ಫಕ್ ಅಂತ ಆರಿದ್ರೆ ಕೋಳಿ ಅಡ್ಡಪಟ್ಟಿ ಹತ್ತೋ ಮೊದಲೇ ಕತ್ತಲಲ್ಲಿ ನೆಲದ ಮೇಲೆ ಉಳ್ಕೊಂಡು ಬಿಡ್ತವೆ. ನಾನು ಹಾಕಲ್ಲ, ನಾಲ್ಕು ತಿಂಗಳು ರಜ ತಗೊಳ್ಳಿ ಬಿಡಿ ಅಂತ, ಆದ್ರೆ ಹಾಕೋದು ತಪ್ಪೇನಲ್ಲ. ದಿನಕ್ಕೆ ಎರಡು ಮೂರು ಸಲ ಮೊಟ್ಟೆ ತಗೊಂಡು ಬನ್ನಿ. ಹೆಪ್ಪುಗಟ್ಟಿ ಓಡು ಬಿರುಕು ಬಿಟ್ಟಿದ್ದನ್ನ ಎಸೀರಿ, ಬಿರುಕಿಲ್ಲದೇ ಇದ್ರೆ ಫ್ರಿಜ್ಜಲ್ಲಿಟ್ಟು ಕರಗಿಸಿ ಚೆನ್ನಾಗಿ ಬೇಯಿಸ್ಕೊಳ್ಳಬಹುದು, ಹಳದಿ ಮಾತ್ರ ಸ್ವಲ್ಪ ಗಟ್ಟಿ ಅಂಟಂಟಾಗಿರುತ್ತೆ.

ಆಹಾರ ಹೆಚ್ಚು ತಿಂತವೆ, ತಿನ್ಲಿ, 16 ಪರ್ಸೆಂಟ್ ಪ್ರೋಟೀನ್ ಇರೋ ಲೇಯರ್ ಫೀಡ್ ಯಾವಾಗ್ಲೂ ಮುಂದಿರ್ಲಿ. ಸಂಜೆ ಗೂಡಿಗೆ ಹೋಗೋ ಮುಂಚೆ ಒಂದೊಂದಕ್ಕೆ ಒಂದು ಚಮಚದಷ್ಟು ಒಡೆದ ಜೋಳ, ಮುಸುಕಿನ ಜೋಳ, ಚೆಲ್ಲಿ, ರಾತ್ರಿಯೆಲ್ಲಾ ಜೀರ್ಣ ಆಗ್ತಾ ಇರುತ್ತೆ. ಜಾಸ್ತಿ ಬೇಡ, ಕೊಬ್ಬು ಬರುತ್ತೆ. ನೆಲ ಹೆಪ್ಪುಗಟ್ಟಿರೋದ್ರಿಂದ ಹೊಟ್ಟೇಲಿ ಕಾಳು ಅರೆಯೋಕೆ ಬೇಕಾದ ಮರಳು ಕಲ್ಲು ಹೆಕ್ಕೋಕಾಗಲ್ಲ, ಅಂಗಡಿ ಗ್ರಿಟ್ ಒಂದು ಡಬ್ಬೀಲಿ ಇಡಿ. ಅತ್ತೆಯವರು ಮಿಕ್ಕ ಅನ್ನ ಹಾಕ್ತಿದ್ರೆ ಬರೀ ಅನ್ನ ಸ್ವಲ್ಪ ಪರವಾಗಿಲ್ಲ, ಸಾರು ಕಲಸಿದ್ದು ಉಪ್ಪಿನದ್ದು ಬೇಡ, ಬೇಯಿಸದ ರಾಜ್ಮಾ ಅಂತೂ ಬೇಡ್ವೇ ಬೇಡ, ಅದು ವಿಷ. ಹಿಮ ಬಿದ್ದ ಮೊದಲ ದಿನ ಕೋಳಿಗಳು ಗೂಡಿನ ಬಾಗಿಲಲ್ಲಿ ನಿಂತು ಈ ಬಿಳಿ ಏನಪ್ಪಾ ಅಂತ ನೋಡ್ತಾ ಹೊರಗೆ ಕಾಲಿಡಲ್ಲ, ಅಲ್ಲಿ ಒಂದಿಷ್ಟು ಹುಲ್ಲು ಹರಡಿ ದಾರಿ ಮಾಡಿಕೊಡಿ, ಒಂದು ಎಲೆಕೋಸು ದಾರಕ್ಕೆ ಕಟ್ಟಿ ನೇತುಹಾಕಿ. ಕೆಲಸ ಇಲ್ಲದ ಕೋಳಿ ಪಕ್ಕದ ಕೋಳಿ ಗರಿ ಕೀಳುತ್ತೆ.

ಲೆಗ್‌ಹಾರ್ನ್ ಜುಟ್ಟು ಕಪ್ಪಾಗಿರೋದನ್ನ ಮುಟ್ಬೇಡಿ. ಉಜ್ಜೋದು, ಹೇರ್ ಡ್ರೈಯರ್ ಬಿಡೋದು, ಕತ್ತರಿಸೋದು ಯಾವುದೂ ಬೇಡ. ಕಪ್ಪಾಗಿ ಒಣಗಿದ ಭಾಗ ಸತ್ತುಹೋಗಿದೆ, ಅದು ಕೆಳಗಿರೋ ಜೀವಂತ ಭಾಗಕ್ಕೆ ಮುಚ್ಚಳದ ಥರ ಇರುತ್ತೆ, ವಾರಗಟ್ಟಲೆ ಆದ ಮೇಲೆ ತಾನೇ ಉದುರುತ್ತೆ. ಊದಿಕೊಂಡು, ರಸ ಸೋರಿ, ವಾಸನೆ ಬಂದ್ರೆ ಮಾತ್ರ ಡಾಕ್ಟರ್ ಹತ್ರ ಹೋಗಿ. ಮಿಕ್ಕ ಕೋಳಿಗಳು ಅದನ್ನ ಕುಕ್ಕೋಕೆ ಶುರು ಮಾಡಿದ್ರೆ ಬೇರೆ ಮಾಡಿ, ಆದ್ರೆ ಕಣ್ಣಿಗೆ ಕಾಣೋ ಹಾಗೆ ಜಾಲರಿ ಆಚೆ ಇಡಿ, ಪೂರ್ತಿ ಮರೆಯಾದ್ರೆ ವಾಪಸ್ ಬಿಟ್ಟಾಗ ಜಗಳ. ವ್ಯಾಸಲೀನ್ ಹಚ್ಚಲಾ ಅಂತ ಎಲ್ಲರೂ ಕೇಳ್ತಾರೆ. ನಾನು ಎರಡು ವರ್ಷ ಹಚ್ಚಿದೆ, ಗೂಡು ಒದ್ದೆ ಇದ್ದಾಗ ಹಚ್ಚಿದ್ರೂ ಕಪ್ಪಾಯ್ತು, ಗೂಡು ಒಣಗಿದ ಮೇಲೆ ಹಚ್ಚದಿದ್ರೂ ಕಪ್ಪಾಗ್ಲಿಲ್ಲ, ಆಮೇಲೆ ಬಿಟ್ಬಿಟ್ಟೆ.

ಇನ್ನು ಆ ಮೈನಸ್ 25 ರಾತ್ರಿ, ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 32ರ ಹತ್ರ. 2019ರ ಜನವರಿ 30ಕ್ಕೆ ನಿಮ್ಮ ಊರಲ್ಲಿ ಮೈನಸ್ 28 ಫ್ಯಾರನ್‌ಹೀಟ್ ಆಗಿತ್ತು, ಅದನ್ನೂ ದಾಟಿ ಬಂದ ಕೋಳಿಗಳಿವೆ. ಟೀವೀಲಿ ವಿಂಡ್ ಚಿಲ್ ಮೈನಸ್ 50 ಅಂತ ಹೆದರಿಸ್ತಾರೆ, ಅದು ಗಾಳಿಗೆ ಬಿದ್ದ ಚರ್ಮಕ್ಕೆ, ಗೋಡೆ ಮರೆಯಲ್ಲಿರೋ ಕೋಳಿಗೆ ಅಲ್ಲ. ಅವತ್ತು ಗಾಳಿ ಬೀಸೋ ಕಡೆ ಕಿಂಡಿ ಮುಚ್ಚಿ, ಮರೆ ಕಡೆದು ತೆರೆದೇ ಇರ್ಲಿ. ಹಾಸಿಗೆ ಇನ್ನೊಂದು ಚೀಲ ಹೊಟ್ಟು ಸುರೀರಿ. ಗೂಡು ಮುಚ್ಚೋವಾಗ ಒಂದೊಂದು ಕೋಳಿನೂ ಎತ್ಕೊಂಡು ಎದೆ ಮೇಲಿನ ಕಾಳಿನ ಚೀಲ ಮುಟ್ಟಿ ನೋಡಿ, ನಿಂಬೆಹಣ್ಣಿಗಿಂತ ದೊಡ್ಡದಾಗಿ ತುಂಬಿರ್ಬೇಕು, ಖಾಲಿ ಇರೋ ಕೋಳಿ ಆ ರಾತ್ರಿ ಕಷ್ಟ ಪಡುತ್ತೆ, ಅದಕ್ಕೆ ಅಲ್ಲೇ ಕೈಯಲ್ಲಿ ತಿನ್ನಿಸಿ. ಲೆಗ್‌ಹಾರ್ನ್ ಎರಡನ್ನೂ ಬೇಕಿದ್ರೆ ಎರಡು ಮೂರು ರಾತ್ರಿ ಗ್ಯಾರೇಜಲ್ಲಿ ನಾಯಿ ಕ್ರೇಟ್‌ಗೆ ಹಾಕಿ, ಎರಡನ್ನೂ ಜೊತೆಗೇ, ಒಂಟಿ ಬೇಡ. ಹೀಟರ್ ಹಾಕಿರೋ ಗ್ಯಾರೇಜು, ಮನೆ ಒಳಗೆ, ಬಾತ್‌ರೂಮು ಬೇಡ, 70 ಡಿಗ್ರಿ ಫ್ಯಾರನ್‌ಹೀಟ್‌ನಿಂದ ಮತ್ತೆ ಹೊರಗೆ ಬಿಟ್ರೆ ಇನ್ನೂ ಅನ್ಯಾಯ. ಕೋಳಿ ಒಳಗಿರೋವಾಗ ಅಲ್ಲಿ ಕಾರ್ ಸ್ಟಾರ್ಟ್ ಮಾಡಿ ಬೆಚ್ಚಗಾಗೋಕೆ ಬಿಡೋ ಅಭ್ಯಾಸ ನಿಮ್ಮೆಜಮಾನರಿಗಿದ್ರೆ ಮೊದಲೇ ಹೇಳಿಡಿ, ಹೊಗೆಗೆ ಕೋಳಿ ನಮಗಿಂತ ಬೇಗ ಹೋಗುತ್ತೆ.

ಬೆಳಿಗ್ಗೆ ಒಂದು ಕಾಲೆತ್ಕೊಂಡು ನಿಂತಿದ್ರೆ ಗಾಬರಿ ಬೇಡ, ಒಂದೊಂದೇ ಕಾಲು ಬೆಚ್ಚಗೆ ಮಾಡ್ಕೊಳ್ಳುತ್ತೆ. ಹಗಲು ಹೊತ್ತಲ್ಲಿ ಕಣ್ಣು ಮುಚ್ಕೊಂಡು, ರೆಕ್ಕೆ ಜೋತು ಬಿಟ್ಟು, ಕಾಳು ಚೆಲ್ಲಿದ್ರೂ ಬರದೆ ಮೂಲೇಲಿ ನಿಂತಿದ್ರೆ ಮಾತ್ರ ಅದು ಕಾಯಿಲೆ. ಊರಲ್ಲಿ ಕೊಕ್ಕರೆ ರೋಗಕ್ಕೆ ಹೆದರ್ತಿದ್ವಲ್ಲ, ಇಲ್ಲಿ 2022ರಿಂದ ಹಕ್ಕಿಜ್ವರ ಹಿತ್ತಲ ಕೋಳಿಗಳಿಗೂ ಬಂದಿದೆ, ಕಾಡು ಬಾತು ಹೆಬ್ಬಾತು ತರೋದು. ಕೆರೆ ಕಡೆ ವಾಕಿಂಗ್ ಹೋದ ಬೂಟಲ್ಲಿ ಗೂಡಿಗೆ ಹೋಗ್ಬೇಡಿ, ಗೂಡಿಗೇ ಅಂತ ಬೇರೆ ಬೂಟಿಡಿ, ಕಾಳಿನ ಡಬ್ಬಿ ಗುಬ್ಬಿಗೂ ಸಿಗದ ಹಾಗೆ ಮುಚ್ಚಿ. ಒಂದೆರಡು ದಿನದಲ್ಲಿ ಒಂದರ ಹಿಂದೆ ಒಂದು ಸತ್ರೆ ಮುಟ್ಟೋಕೆ ಹೋಗದೆ ರಾಜ್ಯದ ಪಶು ಆರೋಗ್ಯ ಇಲಾಖೆಗೆ ಫೋನ್ ಮಾಡಿ.

ಕೊನೇದಾಗಿ ನಿಮ್ಮತ್ತೆಯವರಿಗೆ ಒಂದು ಕೆಲಸ. ಚಳಿಗಾಲದಲ್ಲಿ ಹೇನು ಇರಲ್ಲ ಅನ್ಕೋತೀವಿ, ಆದ್ರೆ ಇಲ್ಲಿ ಕೋಳಿ ಮೈಮೇಲೇ ಜೀವಮಾನ ಪೂರ್ತಿ ಕಳೆಯೋ ಒಂದು ಸಣ್ಣ ಉಣ್ಣಿ ಹುಳದ ಥರದ ಮೈಟ್ ಇದೆ, ಅದು ಹೆಚ್ಚಾಗೋದೇ ಚಳೀಲಿ. ಹದಿನೈದು ದಿನಕ್ಕೊಂದು ಸಲ ಕೋಳಿ ತಿರುಗಿಸಿ ಹಿಂಭಾಗದ ಗರಿ ಬಿಡಿಸಿ ನೋಡಿ, ಗರಿ ಬುಡ ಕೊಳೆ ಹಿಡಿದ ಹಾಗೆ ಕಪ್ಪಾಗಿದ್ದು, ನಿಮ್ಮ ಕೈಮೇಲೆ ಚುಕ್ಕಿ ಚುಕ್ಕಿ ಓಡಾಡಿದ್ರೆ ಅದೇ, ಕೋಳಿಗೆ ಅಂತ ಲೇಬಲ್ ಇರೋ ಪರ್ಮೆಥ್ರಿನ್ ಪುಡಿ ತಂದು ಅದರ ಮೇಲೆ ಬರೆದ ಹಾಗೇ ಹಾಕಿ. ಬರದ ಹಾಗೆ ನೋಡ್ಕೊಳ್ಳೋಕೆ ಊರಲ್ಲಿ ಹಿತ್ತಲ ಬೂದಿಗುಂಡೀಲಿ ಕೋಳಿ ಹೊರಳಾಡ್ತಿತ್ತಲ್ಲ, ಅದನ್ನೇ ಇಲ್ಲಿ ಮಾಡ್ಬೇಕು, ನೆಲ ಕಲ್ಲಾಗಿರೋದ್ರಿಂದ ತಾವೇ ಗುಂಡಿ ತೋಡ್ಕೊಳ್ಳೋಕಾಗಲ್ಲ. ಒಂದು ಅಗಲದ ಟಬ್ಬಲ್ಲಿ ಒಣ ಮರಳು ಅರ್ಧ, ಫೈರ್‌ಪ್ಲೇಸ್ ಬೂದಿ ಸ್ವಲ್ಪ, ಬರೀ ಸೌದೆ ಬೂದಿ, ಇದ್ದಿಲು ಬ್ರಿಕೆಟ್‌ದಲ್ಲ, ಕಲಸಿ ಜಾಲರಿ ಅಂಗಳದ ಬಿಸಿಲು ಮೂಲೇಲಿ ಇಡಿ. ಬೂದೀನ ಮೊದಲು ಮುಚ್ಚಳ ಇರೋ ತಗಡಿನ ಡಬ್ಬೀಲಿ ನಾಲ್ಕೈದು ದಿನ ಹೊರಗಿಟ್ಟು ಪೂರ್ತಿ ಆರಿಸಿ, ಒಳಗೆ ಕೆಂಡ ಎಷ್ಟು ದಿನ ಬದುಕಿರುತ್ತೆ ಅಂತ ನಿಮ್ಮತ್ತೆಯವರನ್ನೇ ಕೇಳಿ, ಒಲೆ ಮುಂದೆ ಕೂತೋರಿಗೆ ಅದು ಚೆನ್ನಾಗಿ ಗೊತ್ತಿರುತ್ತೆ.